ಐದು ತಿಂಗಳ ಬಾಣಂತಿ ನಾನು, ಗರ್ಭಚೀಲ ತೆಗೆಸಲೇಬೇಕೇ?

ಕಾಲುವೆದಂಡೆ (ಪ್ರಶ್ನೆ)

ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ 26 ವರ್ಷ. ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ ಗಂಡನ ಮನೆ, ತವರು ಕುಷ್ಟಗಿ ಕಡೆ. ಎರಡನೆಯ ಹೆರಿಗೆಯಾಗಿ ಐದು ತಿಂಗಳಾಯಿತು. ರಾತ್ರಿಯೆಲ್ಲ ನೋವು ತಿಂದೆ. ಬೆಳಗಿನ ಜಾವ ಒಬ್ಬರು ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದರು, ಆಮೇಲೆ ಮಗು ಬಂತು. 3 ಕಿಲೋ 600 ಗ್ರಾಂ ಇದ್ದ. ಹೊಲಿಗೆಗಳೂ ಬಿದ್ದವು.

ಅವ್ವ ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅಂಟಿನ ಉಂಡೆ, ಅಳವಿ ಪಾಯಸ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ, ಎಲ್ಲವೂ ಆಯಿತು. ಆದರೆ ಮೂರನೆಯ ತಿಂಗಳಿಗೆ ನೆಲ್ಲಿನ ನಾಟಿ ಬಂತೆಂದು ಗಂಡನ ಮನೆಯವರು ಕರೆದುಕೊಂಡು ಬಂದರು. ಎಂಟು ದಿನ ಬಗ್ಗಿ ಸಸಿ ಹಚ್ಚಿದೆ. ಒಂದು ಸಂಜೆ ಕೆಸರಿನಿಂದ ಮೇಲೆದ್ದಾಗ ಕೆಳಗೆ ಏನೋ ಇಳಿದಂತಾಯಿತು, ಮಡಚಿದ ಬಟ್ಟೆ ಸಿಕ್ಕಿಕೊಂಡ ಹಾಗೆ. ಬೆಳಿಗ್ಗೆ ಇರುವುದಿಲ್ಲ, ಸಂಜೆಯ ಹೊತ್ತಿಗೆ ಕೈಗೆ ತಗಲುತ್ತದೆ. ಸೀನಿದರೆ, ಕೆಮ್ಮಿದರೆ, ಶುದ್ಧ ನೀರಿನ ಘಟಕದಲ್ಲಿ 20 ಲೀಟರಿನ ಕ್ಯಾನ್ ಎತ್ತಿದರೆ ಮೂತ್ರ ಹನಿಯುತ್ತದೆ. ಗದ್ದೆಯಲ್ಲಿ ಸೀರೆ ಹೇಗೂ ಒದ್ದೆ, ಯಾರಿಗೂ ತಿಳಿಯುವುದಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಕಳೆದ ವಾರ ಒಂದು ಖಾಸಗಿ ದವಾಖಾನೆಗೆ ಹೋಗಿದ್ದೆವು. ಸ್ಕ್ಯಾನಿಂಗ್ ಮಾಡಿ, "ಚೀಲ ಜಾರಿದೆ. ಹೇಗೂ ಎರಡು ಮಕ್ಕಳಾದವಲ್ಲ, ತೆಗೆಸಿಬಿಡಿ, ಇಲ್ಲವಾದರೆ ಮುಂದೆ ಕ್ಯಾನ್ಸರ್ ಆಗುತ್ತದೆ" ಎಂದರು. 45,000 ರೂಪಾಯಿ ಕೇಳಿದ್ದಾರೆ. ಯಜಮಾನರು ಹೆದರಿ ಬಡ್ಡಿಗೆ ಹಣ ಹುಡುಕುತ್ತಿದ್ದಾರೆ. ಅತ್ತೆ, "ನನ್ನದೂ ಮೂವತ್ತಕ್ಕೆ ತೆಗೆದರು, ನಾನು ಬದುಕಿಲ್ಲವೇ?" ಎನ್ನುತ್ತಾರೆ. ಬೇರೆ ದಾರಿ ಇದೆಯೇ? ದಯವಿಟ್ಟು ತಿಳಿದವರು ಹೇಳಿ.

ಯಲಬುರ್ಗಾ ಸಿಸ್ಟರ್

ತಂಗಿ, ಮೊದಲು ಆ ಹಣದ ಹುಡುಕಾಟ ನಿಲ್ಲಿಸಲು ಹೇಳು. ಹತ್ತೊಂಬತ್ತು ವರ್ಷಗಳಿಂದ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಗರ್ಭಕೋಶ ಜಾರುವುದು ಕ್ಯಾನ್ಸರ್ ಅಲ್ಲ, ಅದು ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ನಿನ್ನನ್ನು ಹೆದರಿಸಿದ್ದಾರೆ, ಅದನ್ನು ಓದಿ ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

ಗರ್ಭಕೋಶ, ಮೂತ್ರಕೋಶ, ಮಲದ ಹಾದಿ, ಈ ಮೂರನ್ನೂ ಕೆಳಗಿನಿಂದ ಹೊತ್ತಿರುವುದು ಸ್ನಾಯುಗಳ ಒಂದು ಜೋಲಿ. ದೊಡ್ಡ ಮಗು, ರಾತ್ರಿಯಿಡೀ ನೋವು, ಇವುಗಳಿಂದ ಆ ಜೋಲಿ ಸಡಿಲವಾಗುತ್ತದೆ. ಅದು ಬಿಗಿಯಾಗುವ ಮುಂಚೆಯೇ ನೀನು ಎಂಟು ದಿನ ಬಗ್ಗಿ ನಿಂತೆ. ಹೊಟ್ಟೆ ಒತ್ತಿ ಹೆರಿಗೆ ಮಾಡಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ, ಇನ್ನೂ ಒತ್ತುವವರಿದ್ದಾರೆ. ತಪ್ಪು ನಿನ್ನದಲ್ಲ.

ಒಂದು ವಿಷಯ ನಿಜ ಹೇಳು. ಸೀನಿದಾಗ ಮಾತ್ರ ಹನಿಯುತ್ತದೆಯೋ, ಅಥವಾ ಹಗಲು ರಾತ್ರಿ ಎನ್ನದೆ ಸುಮ್ಮನೆ ಸೋರುತ್ತಲೇ ಇರುತ್ತದೆಯೋ? ಎರಡನೆಯದಾದರೆ ಅದು ಬೇರೆಯೇ ತೊಂದರೆ. ನೋವು ಎರಡು ಮೂರು ದಿನ ಎಳೆದು ಮಗುವಿನ ತಲೆ ಎಲುಬಿನ ನಡುವೆ ಸಿಕ್ಕಿಕೊಂಡರೆ ಅಲ್ಲಿನ ಮಾಂಸಕ್ಕೆ ರಕ್ತ ಹರಿಯದೆ ಸತ್ತು, ಮೂತ್ರಕೋಶಕ್ಕೆ ತೂತು ಬೀಳುತ್ತದೆ. ಫಿಸ್ಟುಲಾ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಹೀಗಾದ ಒಬ್ಬ ಅಕ್ಕನನ್ನು ವಾಸನೆ ಎಂದು ದನದ ಕೊಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಮಗು ಸತ್ತೇ ಹುಟ್ಟಿತ್ತು, ಗಂಡ ಇನ್ನೊಂದು ಮದುವೆಯಾದ. ಅದು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದಾದ ತೂತು ಎಂದು ನಾನು ನರ್ಸಿಂಗ್ ಓದುವಾಗ ತಿಳಿಯಿತು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕ್ಯಾಥರೀನ್ ಹ್ಯಾಮ್ಲಿನ್ ಎಂಬ ವೈದ್ಯೆ ಮತ್ತು ಅವರ ಪತಿ 1974ರಲ್ಲಿ ಇದಕ್ಕೆಂದೇ ಆಸ್ಪತ್ರೆ ಕಟ್ಟಿದ್ದರು. ಅಂದರೆ ನಮ್ಮ ಅಕ್ಕ ಕೊಟ್ಟಿಗೆಯಲ್ಲಿ ಮಲಗುವ ಮುಂಚೆಯೇ ಜಗತ್ತಿಗೆ ಉಪಾಯ ಗೊತ್ತಿತ್ತು. ಆ ಅಕ್ಕ ಈಗ ಇಲ್ಲ.

ಕಾಲುವೆದಂಡೆ

ಇಲ್ಲ ಸಿಸ್ಟರ್, ಸುಮ್ಮನೆ ಸೋರುವುದಿಲ್ಲ. ಭಾರ ಎತ್ತಿದಾಗ, ಸೀನಿದಾಗ ಮಾತ್ರ.

ಮಸ್ಕಿಯ ಹತ್ತಿ ಹೊಲ

ನಾನು 28ಕ್ಕೆ ತೆಗೆಸಿದೆ. ಈಗ 43. ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು, ಅಷ್ಟೇ. ಒಂದು ವಾರ ಮಾತ್ರೆ ನುಂಗಿದ್ದರೆ ಸಾಕಾಗುತ್ತಿತ್ತೋ ಏನೋ, ಆಗ ಕೇಳುವವರು ಯಾರಿದ್ದರು? ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೆ ಎಂದು ತಿಳಿದದ್ದು ಆರು ವರ್ಷದ ಮೇಲೆ, ಬೇರೆ ವೈದ್ಯರು ಕಾಗದ ಓದಿ ಹೇಳಿದಾಗ. ಮೂವತ್ತಕ್ಕೇ ಮೈಯೆಲ್ಲ ಬೆಂಕಿ, ನಿದ್ದೆ ಇಲ್ಲ. ಹೋದ ವರ್ಷ ಅಂಗಳದಲ್ಲಿ ಜಾರಿ ಬಿದ್ದದ್ದಕ್ಕೆ ಮಣಿಕಟ್ಟು ಮುರಿಯಿತು, ಎಲುಬು ಸವೆದಿವೆ ಎಂದರು. ತಂಗಿ, ನಿನ್ನ ಅತ್ತೆ ಬದುಕಿದ್ದಾರೆ, ನಾನೂ ಬದುಕಿದ್ದೇನೆ. ಹೇಗೆ ಎಂದು ಅವರನ್ನೊಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳು.

ಬಳ್ಳಾರಿ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ಮೂತ್ರ ತಡೆಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತದೆಯೋ ಅದನ್ನು ಮೇಲಕ್ಕೆ ಎಳೆದುಕೊಂಡು ಆರೇಳು ಎಣಿಸುವವರೆಗೆ ಹಿಡಿಯಿರಿ, ಪೂರ್ತಿ ಸಡಿಲ ಬಿಡಿ. ಇದನ್ನು ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು ಮಾಡಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಮೂತ್ರ ಮಾಡುತ್ತಿರುವಾಗಲೇ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಮೊದಲು ಮಲಗಿ ಮಾಡಿ, ರೂಢಿಯಾದ ಮೇಲೆ ಮಗುವಿಗೆ ಹಾಲು ಕುಡಿಸುತ್ತಲೂ ಮಾಡಬಹುದು. ಹದಿನೈದು ದಿನಕ್ಕೆ ಏನೂ ಆಗಲಿಲ್ಲವೆಂದು ಬಿಡುವವರೇ ಹೆಚ್ಚು. ಕನಿಷ್ಠ ಮೂರು ನಾಲ್ಕು ತಿಂಗಳು ಬೇಕು. ಸೀನು ಬರುವ ಮುನ್ನ ಬಿಗಿಹಿಡಿಯುವುದನ್ನು ಕಲಿತರೆ ಹನಿಯುವುದು ಬೇಗ ಕಡಿಮೆಯಾಗುತ್ತದೆ. ಮಲಬದ್ಧತೆ ಆಗಲು ಬಿಡಬೇಡಿ, ತಿಣುಕುವುದೇ ದೊಡ್ಡ ಶತ್ರು. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಪದ್ಧತಿ ಇಲ್ಲಿ ಕೆಟ್ಟದ್ದನ್ನೇ ಮಾಡುತ್ತದೆ.

ಯಲಬುರ್ಗಾ ಸಿಸ್ಟರ್

ಸರಿಯಾಗಿ ಹೇಳಿದಿರಿ. ತಂಗಿ, ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗು, ತಾಯಿ ಕಾರ್ಡ್ ಇಟ್ಟುಕೊಂಡು ಹೋಗು. ಎಷ್ಟು ಇಳಿದಿದೆ ಎಂಬುದು ವೈದ್ಯರು ಕೈಯಿಂದ ಪರೀಕ್ಷಿಸಿದಾಗ ತಿಳಿಯುತ್ತದೆ, ಬರೀ ಸ್ಕ್ಯಾನಿಂಗ್ ನೋಡಿ ಹೇಳುವುದಲ್ಲ. ಸಿಲಿಕಾನ್ ಬಳೆಯೊಂದಿದೆ, ಪೆಸರಿ ಎನ್ನುತ್ತಾರೆ, ಒಳಗಿಟ್ಟರೆ ಗರ್ಭಕೋಶವನ್ನು ಮೇಲೆ ಹಿಡಿದಿರುತ್ತದೆ. ಅದರ ಬಗ್ಗೆ ನೀನೇ ಕೇಳು. ಹಾಲೂಡಿಸುವಾಗ ಅಲ್ಲಿನ ಪದರ ತೆಳುವಾಗಿರುತ್ತದೆ, ಹಾಲು ಬಿಡಿಸಿದ ಮೇಲೆ ಎಷ್ಟೋ ಜನರಿಗೆ ತಾನಾಗಿ ಸುಧಾರಿಸುತ್ತದೆ. ಐದು ತಿಂಗಳಿಗೇ ಕತ್ತರಿ ಹಿಡಿಯುವ ಅವಸರ ಏಕೆ?

ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯೋ ಇಲ್ಲವೋ? ಹೆರಿಗೆಯ ನಂತರವೂ 180 ದಿನ ನುಂಗಬೇಕು, ಚಹಾದ ಜೊತೆ ಬೇಡ.

ಕಾಲುವೆದಂಡೆ (ಐದು ವಾರಗಳ ನಂತರ)

ಹೋಗಿ ಬಂದೆ. ಎರಡನೆಯ ಹಂತ ಎಂದರು, ತೆಗೆಯುವ ಮಾತೇ ಬೇಡ ಎಂದರು. ಬಳೆ ಹಾಕಿದ್ದಾರೆ. ಮೊದಲನೆಯದು ಜಾರಿತು, ಎರಡನೆಯ ಅಳತೆ ಕೂತಿತು. ಹಿಮೋಗ್ಲೋಬಿನ್ ಬರೀ 8.6 ಇತ್ತು. ಮಾತ್ರೆಗಳನ್ನು ನಾನು ಎರಡನೆಯ ತಿಂಗಳಿಗೇ ಬಿಟ್ಟಿದ್ದೆ ಸಿಸ್ಟರ್, ಮಲ ಕಪ್ಪಾಗುತ್ತದೆ ಎಂದು ಹೆದರಿ. ವ್ಯಾಯಾಮ ನಡೆದಿದೆ. ಸೀನಿದಾಗ ಇನ್ನೂ ಹನಿಯುತ್ತದೆ, ಆದರೆ ಮೊದಲಿನಷ್ಟಿಲ್ಲ. ನೀರಿನ ಕ್ಯಾನ್ ಈಗ ಯಜಮಾನರು ಸೈಕಲ್ಲಿನಲ್ಲಿ ತರುತ್ತಾರೆ. ಮಸ್ಕಿಯ ಅಕ್ಕ ಹೇಳಿದಂತೆ ಅತ್ತೆಯನ್ನು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಲಿನ ಉರಿ, ಮಂಡಿ ನೋವು, ಎಲ್ಲವನ್ನೂ ಹೇಳಿದರು. ಈ ಸಲ ಕಳೆ ತೆಗೆಯಲು ನನ್ನನ್ನು ಕರೆಯಲಿಲ್ಲ.

ಇನ್ನೊಂದು ಮಾತು. ಅವ್ವನಿಗೆ ಫೋನಿನಲ್ಲಿ ಬಳೆಯ ವಿಷಯ ಹೇಳಿದಾಗ ಅವಳು ಸುಮ್ಮನಾದಳು. ಮರುದಿನ ತಾನೇ ಕರೆ ಮಾಡಿ, "ಅದು ನನ್ನ ಅಳತೆಗೂ ಸಿಗುತ್ತದೆಯೇ?" ಎಂದು ಕೇಳಿದಳು. ನನ್ನ ತಮ್ಮ ಹುಟ್ಟಿದಾಗಿನಿಂದ ಇದೆಯಂತೆ. ತಮ್ಮನಿಗೆ ಈಗ 23. ಅವಳಿಗೆ 50 ದಾಟಿದೆ, ಮುಟ್ಟು ನಿಂತಿದೆ. ಹಾಕುತ್ತಾರೆಯೇ?

ಯಲಬುರ್ಗಾ ಸಿಸ್ಟರ್

ಹಾಕುತ್ತಾರೆ, ವಯಸ್ಸಿನ ಅಡ್ಡಿಯಿಲ್ಲ. ಮುಟ್ಟು ನಿಂತವರಿಗೆ ಜೊತೆಗೆ ಒಂದು ಕ್ರೀಮ್ ಕೂಡ ಬರೆಯಬಹುದು. ನಡುವೆ ಎಂದಾದರೂ ರಕ್ತ ಕಂಡಿದೆಯೇ ಎಂದು ಕೇಳು, ಕಂಡಿದ್ದರೆ ಒಂದು ದಿನವೂ ತಡಮಾಡಬಾರದು. ಕುಷ್ಟಗಿಯಿಂದ ನಮ್ಮಲ್ಲಿಗೆ ದೂರವೇನಿಲ್ಲ. ಖಾಸಗಿ ಸಂದೇಶದಲ್ಲಿ ಬರೆ, ನಾನೇ ಜೊತೆಗೆ ನಿಂತು ತೋರಿಸುತ್ತೇನೆ. ಒಬ್ಬಳೇ ಬರಲು ನಾಚಿದರೆ ಓಣಿಯ ಇನ್ನಿಬ್ಬರನ್ನು ಕರೆದುಕೊಂಡು ಬರಲಿ, ಅವರಲ್ಲೂ ಒಬ್ಬರಿಗೆ ಇದ್ದೇ ಇರುತ್ತದೆ.