ರೆಡಿಮೇಡ್ ಪ್ರಾಜೆಕ್ಟ್ ತಗೊಂಡ್ರೆ ಏನಾಗುತ್ತೆ ಮೇಡಂ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜು ಹುಡುಗ ಹುಡುಗಿಯರ ಗುಂಪು ಇದು. ಈ ವಾರ ಉತ್ತರ ಕೊಡುತ್ತಿರುವವರು ಕಲಬುರಗಿಯ ಒಂದು ಕಾಲೇಜಿನ ಲೈಬ್ರರಿಯನ್ ಮೇಡಂ. ಥೀಸಿಸ್, ಪ್ರಾಜೆಕ್ಟ್‌ಗಳ ಸಿಮಿಲಾರಿಟಿ ಚೆಕ್, ಅಂದರೆ ಬೇರೆ ಬರಹಗಳಿಗೆ ಎಷ್ಟು ಹೊಂದುತ್ತೆ ಅಂತ ಸಾಫ್ಟ್‌ವೇರ್‌ನಲ್ಲಿ ನೋಡುವುದು, ಅವರದೇ ಕೆಲಸ.

ಪ್ರಶ್ನೆ (ಎಂ.ಕಾಂ ಕೊನೆ ಸೆಮಿಸ್ಟರ್, ಸೇಡಂ): ನಮಸ್ಕಾರ ಮೇಡಂ. ನಂದು ಪ್ರಾಜೆಕ್ಟ್ ತೊಗರಿ ಬೆಳೆಗಾರರ ಮಾರಾಟದ ತೊಂದರೆ ಮೇಲೆ. ಮುಂದಿನ ತಿಂಗಳು ಸಬ್ಮಿಟ್ ಮಾಡಬೇಕು. ಬೆಳಿಗ್ಗೆ ಕ್ಲಾಸು, ಸಂಜೆ ಮೆಡಿಕಲ್ ಶಾಪ್‌ನಲ್ಲಿ ಕೆಲಸ, ರೂಮಿಗೆ ಬರೋದೇ ರಾತ್ರಿ ಹತ್ತಕ್ಕೆ. 50 ರೈತರ ಸರ್ವೆ ಮಾಡು ಅಂತ ಗೈಡ್ ಹೇಳಿದ್ದಾರೆ, ಇನ್ನೂ ಒಂದು ಫಾರ್ಮೂ ತುಂಬಿಸಿಲ್ಲ. ಇಲ್ಲೊಂದು ಝೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಾಜೆಕ್ಟ್‌ಗೆ ಹೆಸರು, ಊರು ಬದಲಿಸಿ ಬೈಂಡಿಂಗ್ ಸಮೇತ ಕೊಡ್ತಾರೆ. ಕ್ಲಾಸಲ್ಲಿ ಬಹಳ ಜನ ಅದನ್ನೇ ತಗೊಂಡಿದ್ದಾರೆ. ಸಿಕ್ಕಿಬಿದ್ದರೆ ಏನಾಗುತ್ತೆ? ನಿಜ ಹೇಳ್ರಿ.

ಉತ್ತರ: ನಿಜಾನೇ ಹೇಳ್ತೀನಿ ತಮ್ಮಾ. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ನಿಯಮ ತಂದಿದೆ. ಎಂ.ಎ., ಎಂ.ಕಾಂ ಮಟ್ಟದ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ), ಪಿಎಚ್.ಡಿ ಥೀಸಿಸ್, ಪ್ರಕಟವಾದ ಲೇಖನ ಇವೆಲ್ಲ ಅದರ ಒಳಗೆ ಬರುತ್ತವೆ. ಅಸೈನ್‌ಮೆಂಟು, ಪ್ರಾಜೆಕ್ಟ್ ರಿಪೋರ್ಟು, ಉತ್ತರ ಪತ್ರಿಕೆ ಬರುವುದಿಲ್ಲ, ಅವನ್ನು ಹೊರಗಿಟ್ಟಿದ್ದೇವೆ ಅಂತ ನಿಯಮದಲ್ಲೇ ಬರೆದಿದೆ. ಹಾಗಾಗಿ ನಿನ್ನ ಸಿಲಬಸ್ ತೆಗೆದು ಅದರಲ್ಲಿ ಡಿಸರ್ಟೇಶನ್ ಅಂತ ಇದೆಯೋ ಪ್ರಾಜೆಕ್ಟ್ ರಿಪೋರ್ಟ್ ಅಂತ ಇದೆಯೋ ಮೊದಲು ನೋಡು. ಪ್ರಾಜೆಕ್ಟ್ ಅಂತ ಇದ್ದರೆ ಯುಜಿಸಿ ಶಿಕ್ಷೆ ಬೀಳೋದಿಲ್ಲ. ಆದರೆ ನಿನ್ನ ಯೂನಿವರ್ಸಿಟಿಗೆ ಅದರದೇ ಪರೀಕ್ಷೆ ನಿಯಮ ಇರುತ್ತೆ, ಅದರ ಪ್ರಕಾರ ಕ್ರಮ ತಗೊಳ್ಳೋಕೆ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ನಿಜ. ಆ ಹಳೇ ಪ್ರಾಜೆಕ್ಟ್ ಎಲ್ಲೂ ಅಪ್‌ಲೋಡ್ ಆಗಿರದಿದ್ದರೆ ನಮ್ಮ ಸಾಫ್ಟ್‌ವೇರ್‌ಗೆ ಅದು ಗೊತ್ತಾಗೋದೂ ಇಲ್ಲ. ಅಂಗಡಿಯವರ ವ್ಯಾಪಾರ ನಡೆಯೋದೇ ಇದರ ಮೇಲೆ. ಸಿಕ್ಕಿಬೀಳೋದು ವೈವಾದಲ್ಲಿ, ಅಂದ್ರೆ ಬಾಯಿ ಪರೀಕ್ಷೆಯಲ್ಲಿ. ರೈತ ತೊಗರಿ ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ತರದೆ ಊರಲ್ಲೇ ಯಾಕೆ ಮಾರಿದ, ಸಾಲ ಕೊಟ್ಟ ಅಡತ್ (ಕಮಿಷನ್ ದಲ್ಲಾಳಿ) ಅಂಗಡಿಗೇ ಯಾಕೆ ಹಾಕಿದ ಅಂತ ಎಕ್ಸಾಮಿನರ್ ಕೇಳಿದ ಕೂಡಲೇ ಹುಡುಗರು ಮೇಜು ನೋಡೋಕೆ ಶುರು ಮಾಡ್ತಾರೆ. ನೀನು ಸೇಡಂ ಹುಡುಗ, ನಿನಗೆ ಇದರ ಉತ್ತರ ಮನೆಯಲ್ಲೇ ಗೊತ್ತು. ಬೇರೆ ಯಾರದೋ ಪುಸ್ತಕ ಕೈಯಲ್ಲಿ ಹಿಡಿದು ನಿಂತರೆ ಗೊತ್ತಿದ್ದದ್ದೂ ಬಾಯಿಗೆ ಬರೋದಿಲ್ಲ.

ರೂಮಲ್ಲಿ ಕೂತು ಗೆಳೆಯರ ಕೈಲಿ ಫಾರ್ಮ್ ತುಂಬಿಸೋದನ್ನಂತೂ ಮಾಡಲೇಬೇಡ. ರೆಡಿಮೇಡ್ ಪುಸ್ತಕ ಕೊಳ್ಳೋದಕ್ಕಿಂತ ಇದು ದೊಡ್ಡ ತಪ್ಪು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಇಲ್ಲಿ ರೈತರು ಹೇಳದ ಮಾತನ್ನು ಅವರ ಬಾಯಿಗೆ ಹಾಕ್ತೀವಿ. ಅಂಥ ಫಾರ್ಮ್ ನೋಡಿದ ಕೂಡಲೇ ತಿಳಿಯುತ್ತೆ. ವಯಸ್ಸು 35, 40, 45. ಹೊಲ 2 ಎಕರೆ, 4 ಎಕರೆ, 5 ಎಕರೆ. ಟಿಕ್ ಎಲ್ಲಾ ಒಂದೇ ಪೆನ್ನು, ಒಂದೇ ಓರೆ. ನಿಜವಾದ ಫಾರ್ಮ್ ಯಾವತ್ತೂ ಅಷ್ಟು ಚೊಕ್ಕ ಇರೋದಿಲ್ಲ. ಎಕರೆ ಅಂತ ಇರೋ ಕಡೆ ‘3, ಅಣ್ಣನ ಹೆಸರಲ್ಲಿ 2, ಲಾವಣಿ 4’ ಅಂತ ಇರುತ್ತೆ (ಲಾವಣಿ ಅಂದ್ರೆ ಗುತ್ತಿಗೆಗೆ ಹಿಡಿದ ಹೊಲ), ಅಂಚಿನಲ್ಲಿ ಇನ್ನೇನೋ ಗೀಚಿರುತ್ತೆ.

ನಾಳೆನೇ ಗೈಡ್ ಹತ್ತಿರ ಹೋಗು. ಕೆಲಸ ಮಾಡ್ತಾ ಓದುತ್ತಿದ್ದೀನಿ, 50 ಆಗೋದಿಲ್ಲ, 20 ರೈತರನ್ನ ನಾನೇ ಮಾತಾಡಿಸಿ ಬರ್ತೀನಿ ಅಂತ ಹೇಳು. ಗಂಜ್‌ನಲ್ಲಿ ಒಂದು ಬೆಳಿಗ್ಗೆ, ನಿಮ್ಮೂರ ಕಟ್ಟೆ ಮೇಲೆ ಒಂದು ಭಾನುವಾರ ಕೂತರೆ ಬಹಳಷ್ಟು ಆಗಿಬಿಡುತ್ತೆ. ರಿಪೋರ್ಟ್‌ನಲ್ಲಿ ಮಿತಿಗಳು ಅಂತ ಒಂದು ಭಾಗ ಇರುತ್ತಲ್ಲ, ಅಲ್ಲಿ 20 ಜನ ಮಾತ್ರ, ಅವರೂ ಸುಲಭಕ್ಕೆ ಸಿಕ್ಕವರು ಅಂತ ನೇರ ಬರೆ.

ಅದೇ ವಿದ್ಯಾರ್ಥಿ: 20 ಅಂದ್ರೆ ಮಾರ್ಕ್ಸ್ ಕಡಿಮೆ ಕೊಡಲ್ವಾ ಮೇಡಂ?

ಉತ್ತರ: ಒಂದೆರಡು ಕಡಿಮೆ ಆಗಬಹುದು. ಆದರೆ ಗೈಡ್ ಒಪ್ಪಿದ ಮೇಲೆ ಅದೇ ನಿನ್ನ ಸ್ಯಾಂಪಲ್, ಹೆದರಬೇಡ. ಒಪ್ಪಿದ್ದನ್ನ ವಾಟ್ಸಾಪ್‌ನಲ್ಲಾದರೂ ಬರೆಸಿಕೋ.

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಶಹಾಪುರ): ನಾನು ಇಂಗ್ಲಿಷ್ ಅಸೈನ್‌ಮೆಂಟ್ ಸ್ವಂತ ಬರೆದೆ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಡಿಕ್ಷನರಿ ನೋಡಿ ಇಂಗ್ಲಿಷ್‌ಗೆ ತಂದೆ. ಸರ್ ಯಾವುದೋ ವೆಬ್‌ಸೈಟ್‌ಗೆ ಹಾಕಿ ಇದು ಎಐ ಬರೆದದ್ದು ಅಂದರು, ಸೊನ್ನೆ ಕೊಟ್ಟರು. ಮನೆಯಲ್ಲಿ ಹೇಳೋಕೂ ಆಗ್ತಿಲ್ಲ.

ಉತ್ತರ: ತಂಗಿ, ಓದಿ ಬಹಳ ಬೇಜಾರಾಯಿತು. ಸಿಮಿಲಾರಿಟಿ ಸಾಫ್ಟ್‌ವೇರ್ ಬೇರೆ, ಎಐ ಪತ್ತೆ ಮಾಡ್ತೀವಿ ಅನ್ನೋ ವೆಬ್‌ಸೈಟ್ ಬೇರೆ. ಮೊದಲನೆಯದು ನಿನ್ನ ಸಾಲು ಎಲ್ಲಿಯ ಸಾಲಿಗೆ ಹೊಂದುತ್ತೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೆ. ಎರಡನೆಯದು ಬರೀ ಅಂದಾಜು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಟೂಲ್ ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ ಅದು ಎಐ ಬರೆದದ್ದರಲ್ಲಿ ಶೇ. 26 ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ಎಐ ಅಂದುಬಿಟ್ಟಿತು. ಸರಿಯಾಗಿ ಹೇಳ್ತಿಲ್ಲ ಅಂತ ಅದೇ ವರ್ಷ ಜುಲೈನಲ್ಲಿ ವಾಪಸ್ ತಗೊಂಡರು. ನಮ್ಮ ಹಾಗೆ ಇಂಗ್ಲಿಷ್ ಕಲಿತು ಬರೆಯುವವರ ವಾಕ್ಯಗಳು ಸರಳ, ಪದಗಳು ಅವೇ ಅವೇ. ಇಂಥ ಬರವಣಿಗೆಯನ್ನು ಈ ಟೂಲ್‌ಗಳು ತಪ್ಪಾಗಿ ಎಐ ಅನ್ನೋದು ಜಾಸ್ತಿ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ ತೋರಿಸಿದ್ದಾರೆ.

ಆ ಕನ್ನಡದ ಹಾಳೆಗಳು ಇನ್ನೂ ಇವೆಯಲ್ವಾ? ತಗೊಂಡು ಹೋಗು. ಸರ್ ಜೊತೆ ಜಗಳ ಬೇಡ, ‘ಇದು ನನ್ನ ರಫ್, ಬೇಕಾದರೆ ಇಲ್ಲೇ ಕೂತು ಇದರ ಬಗ್ಗೆ ಮಾತಾಡ್ತೀನಿ’ ಅಂತ ಕೇಳು. ಕೇಳದಿದ್ದರೆ ಎಚ್.ಓ.ಡಿಗೆ (ವಿಭಾಗದ ಮುಖ್ಯಸ್ಥರಿಗೆ) ಒಂದು ಪುಟದ ಅರ್ಜಿ ಕೊಡು, ರಫ್ ಹಾಳೆಯ ಝೆರಾಕ್ಸ್ ಲಗತ್ತಿಸು. ಮುಂದಿನ ಸಲದಿಂದ ಗೂಗಲ್ ಡಾಕ್ಸ್‌ನಲ್ಲೇ ಟೈಪ್ ಮಾಡು. ಅದರ ವರ್ಷನ್ ಹಿಸ್ಟರಿ ತೆರೆದರೆ ಯಾವ ದಿನ ಎಷ್ಟು ಬರೆದೆ, ಏನು ಅಳಿಸಿದೆ ಎಲ್ಲಾ ಕಾಣುತ್ತೆ. ಮನೆಯಲ್ಲೂ ಹೇಳು, ನೀನೇನೂ ತಪ್ಪು ಮಾಡಿಲ್ಲ.

ಪ್ರಶ್ನೆ (ಪಿಎಚ್.ಡಿ, ಕನ್ನಡ, ಬಸವಕಲ್ಯಾಣ): ಮೇಡಂ, ನನ್ನ ಥೀಸಿಸ್ ವಚನಗಳ ಮೇಲೆ. ಸಿಮಿಲಾರಿಟಿ ರಿಪೋರ್ಟ್ ಶೇ. 31 ಬಂದಿದೆ. ನಾನು ಯಾರದ್ದೂ ಕದ್ದಿಲ್ಲ. ನುಡಿ ಫಾಂಟ್‌ನಲ್ಲೇ ಕೊಟ್ಟುಬಿಡಿ, ಏನೂ ಬರಲ್ಲ ಅಂತ ಗೆಳೆಯರು ಹೇಳ್ತಾರೆ.

ಉತ್ತರ: ಗೆಳೆಯರ ಮಾತು ಕೇಳಬೇಡಿ ಸರ್. ಹಳೇ ನುಡಿ ಫಾಂಟ್‌ನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಕೀಲಿಗಳ ಅಕ್ಷರ, ಸಾಫ್ಟ್‌ವೇರ್‌ಗೆ ಅದು ಕಲಸುಮೇಲೋಗರ. ಶೇ. 0 ಬಂದ ಕನ್ನಡ ಥೀಸಿಸ್ ಕಂಡರೆ ನಾವು ಮೊದಲು ಫಾಂಟೇ ನೋಡೋದು, ಯೂನಿಕೋಡ್ (ಸಾಫ್ಟ್‌ವೇರ್ ಓದಬಲ್ಲ ಕನ್ನಡ ಅಕ್ಷರ) ಮಾಡಿಕೊಂಡು ಬನ್ನಿ ಅಂತ ವಾಪಸ್ ಕಳಿಸ್ತೀವಿ.

ಆ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ. 10ರ ತನಕ ಇದ್ದರೆ ಶಿಕ್ಷೆ ಇಲ್ಲ. 10 ದಾಟಿ 40ರ ತನಕ ಇದ್ದರೆ 6 ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಈ ಲೆಕ್ಕ ಹಾಕುವ ಮೊದಲು ಬಿಡಬೇಕಾದ್ದನ್ನು ಬಿಡಬೇಕು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಎಲ್ಲಾ ಹೊರಗೆ. ಎಲ್ಲರಿಗೂ ಗೊತ್ತಿರುವ ಮಾತು ಅಥವಾ ಆಕಸ್ಮಿಕವಾಗಿ ಹೊಂದಿದ್ದು, ಸತತ 14 ಪದದ ತನಕ, ಅದೂ ಹೊರಗೆ. ವಚನಗಳು ನೆಟ್‌ನಲ್ಲಿ ಎಲ್ಲಾ ಕಡೆ ಇವೆ, ಬಸವಣ್ಣ, ಅಕ್ಕಮಹಾದೇವಿ ಹೇಳಿದ್ದನ್ನು ನೀವು ಪೂರ್ತಿ ಕೊಟ್ಟಿದ್ದರೆ ಸಾಫ್ಟ್‌ವೇರ್ ಅದಕ್ಕೂ ಬಣ್ಣ ಬಳಿದಿರುತ್ತೆ. ವಚನ ಉದ್ಧರಣ ಚಿಹ್ನೆಯೊಳಗೆ ಇದೆಯಾ, ಸಂಪುಟ ಮತ್ತು ಪುಟದ ಸಂಖ್ಯೆ ಕೊಟ್ಟಿದ್ದೀರಾ ನೋಡಿ, ಅವನ್ನು ಬಿಟ್ಟು ಮತ್ತೆ ಚೆಕ್ ಮಾಡಿಸಿ. ಆಮೇಲೆ ಉಳಿದ ಬಣ್ಣದ ಸಾಲುಗಳನ್ನು ಒಂದೊಂದಾಗಿ ಓದಿ.

ಅಲ್ಲಿ ನಿಜವಾದ ತೊಂದರೆ ಇರಬಹುದು. ಯಾರೋ ವಿಮರ್ಶಕರು ‘ವಚನಕಾರರು ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟರು’ ಅಂತ ಬರೆದಿದ್ದಾರೆ ಅಂದುಕೊಳ್ಳಿ. ನೀವು ‘ಶರಣರು ದುಡಿಮೆಗೆ ಆರಾಧನೆಯ ಜಾಗ ನೀಡಿದರು’ ಅಂತ ಮಾಡಿದರೆ ಪದ ಬದಲಾಯಿತು, ಮಾತು ಅವರದೇ. ಸಾಫ್ಟ್‌ವೇರ್ ಬಿಟ್ಟರೂ ಹೆಸರು ಹಾಕಲೇಬೇಕು. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಅನುವಾದಿಸಿ ಸ್ವಂತದ ಹಾಗೆ ಇಡುವುದೂ ಅಷ್ಟೇ ತಪ್ಪು.

ಕಮೆಂಟ್ (ಗೆಸ್ಟ್ ಲೆಕ್ಚರರ್, ಬೀದರ್): ನಿಯಮ ಎಲ್ಲಾ ಹುಡುಗರಿಗೇನಾ ಮೇಡಂ? ವಿದ್ಯಾರ್ಥಿ ಬರೆದ ಪೇಪರ್‌ಗೆ ಒಂದು ಸಾಲೂ ಬರೆಯದ ಗೈಡ್ ಹೆಸರು ಮೊದಲು ಬರುತ್ತೆ. ಅದನ್ನ ಯಾರೂ ಕೇಳಲ್ಲ.

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ ಸರ್. ನಿಯಮ ಮೇಷ್ಟ್ರಿಗೂ ಇದೆ. ಪ್ರಕಟಿಸಿದ ಬರಹದಲ್ಲಿ ಶೇ. 40 ದಾಟಿದರೆ ಅದನ್ನು ಹಿಂದಕ್ಕೆ ತಗೋಬೇಕು, ಒಂದು ವರ್ಷದ ಇನ್‌ಕ್ರಿಮೆಂಟ್ ಹೋಗುತ್ತೆ, 2 ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. 60 ದಾಟಿದರೆ ಎರಡು ಇನ್‌ಕ್ರಿಮೆಂಟು, 3 ವರ್ಷ. ಹೆಸರು ಸೇರಿಸೋ ರೋಗಕ್ಕೆ ಮಾತ್ರ ಯಾವ ಸಾಫ್ಟ್‌ವೇರೂ ಇಲ್ಲ. ಗೈಡ್ ಸಹಿ ಇಲ್ಲದೆ ಥೀಸಿಸ್ ಮುಂದೆ ಹೋಗೋದಿಲ್ಲ, ಹುಡುಗರು ಹೇಗೆ ಬೇಡ ಅಂತಾರೆ? ಇದನ್ನು ವಿಭಾಗದ ಮೀಟಿಂಗ್‌ನಲ್ಲಿ ಎತ್ತಬೇಕಾದವರು ಹಿರಿಯ ಅಧ್ಯಾಪಕರು. ಹುಡುಗರ ತಲೆಗೆ, ವರ್ಷವರ್ಷ ನೇಮಕಾತಿಗೆ ಕಾಯುವ ನಿಮ್ಮಂಥವರ ತಲೆಗೆ ಇದನ್ನು ಕಟ್ಟಬಾರದು. ಗೈಡ್ ನಿಜಕ್ಕೂ ಜೊತೆ ಕೂತು ತಿದ್ದಿದ್ದರೆ, ವಿಷಯ ಕೊಟ್ಟು ದಾರಿ ತೋರಿಸಿದ್ದರೆ ಅವರ ಹೆಸರು ಬರಲಿ, ಅದರಲ್ಲಿ ತಪ್ಪಿಲ್ಲ.

ಪ್ರಶ್ನೆ (ಎಂ.ಎಸ್.ಡಬ್ಲ್ಯೂ, ಯಾದಗಿರಿ): ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸ್ ಹಾಗೇ ಹಾಕಬಹುದಾ?

ಉತ್ತರ: ಬೇಡ. ಇಲ್ಲದ ಲೇಖನ, ಇಲ್ಲದ ಪುಟಸಂಖ್ಯೆಯನ್ನು ಅದು ಧೈರ್ಯವಾಗಿ ಕೊಡುತ್ತೆ. ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ ನೋಡಿ, ಥೀಸಿಸ್ ಆದರೆ ಶೋಧಗಂಗಾದಲ್ಲಿ (ಭಾರತದ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ಹುಡುಕಿ, ಎರಡೂ ಪುಕ್ಕಟೆ. ಸಿಕ್ಕರೆ ತೆರೆದು ಓದಿ, ನೀವು ಬರೆದ ಮಾತು ಅದರಲ್ಲಿ ಇದ್ದರೆ ಮಾತ್ರ ಹಾಕಿ. ಸಿಗದಿದ್ದರೆ ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ, ಅಲ್ಲೂ ಇಲ್ಲ ಅಂದರೆ ಆ ಸಾಲು ತೆಗೆದುಬಿಡಿ.