1930ರ ದಶಕದ ಕಥೆಗೆ ಹಿನ್ನೆಲೆ ಸಂಗೀತ: ಜಾಝ್ ಎಷ್ಟು, ಆರ್ಕೆಸ್ಟ್ರಾ ಎಷ್ಟು?

ಕರಿಮನೆ:

ಗೆಳೆಯನೊಬ್ಬ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಿದ್ದಾನೆ. 1930ರ ದಶಕದ ಒಂದು ಬಂದರು ಪಟ್ಟಣ, ಒಬ್ಬ ಖಾಸಗಿ ಪತ್ತೇದಾರ, ಕಾಣೆಯಾದ ಹೆಂಗಸು. ಸಂಗೀತ ನನ್ನ ಪಾಲಿಗೆ ಬಂದಿದೆ. ಎಡಿಟಿಂಗ್ ಮಾಡುವಾಗ ಅವನು ಹಾಲಿವುಡ್ಡಿನ ‘ಚೈನಾಟೌನ್’ ಸಿನಿಮಾದ ಟೈಟಲ್ ಸಂಗೀತವನ್ನು ಸುಮ್ನೆ ಅಂಟಿಸಿಕೊಂಡಿದ್ದ. ಈಗ ಅದು ಅವನ ತಲೆಯಿಂದ ಇಳಿಯುತ್ತಲೇ ಇಲ್ಲ.

ನಾನು ಆ ಕಾಲದ ರೆಕಾರ್ಡುಗಳನ್ನು ಕೇಳಿ ಕೇಳಿ ಸ್ವಿಂಗ್ ಲಯದಲ್ಲಿ (ಆಗಿನ ಕುಣಿತದ ಜಾಝ್) ಒಂದು ಟ್ಯೂನ್ ಕಟ್ಟಿದೆ. ಹೆಜ್ಜೆ ಹಾಕಿದ ಹಾಗೆ ಸಾಗುವ ವಾಕಿಂಗ್ ಬೇಸ್, ಬ್ರಷ್‌ನಲ್ಲಿ ನುಡಿಸುವ ಡ್ರಮ್ಸ್, ಕ್ಲಾರಿನೆಟ್, ಹಿಂದೆ ಸ್ಟ್ರಿಂಗ್ಸ್ (ಪಿಟೀಲು ಬಳಗ). ಕಾಲಕ್ಕೆ ತಕ್ಕ ಹಾಗೆಯೇ ಇದೆ. ಅವನು ಪೂರ್ತಿ ಕೇಳಿ, "ಚೆನ್ನಾಗಿದೆ ಕಣೋ, ಆದ್ರೆ ದೊಡ್ಡ ಹೋಟೆಲ್ಲಿನ ಲಾಬೀಲಿ ಕೂತ ಹಾಗಿದೆ" ಅಂದ. ಸಿಟ್ಟು ಬಂತು. ಆದರೆ ಚಿತ್ರದ ಜೊತೆ ಓಡಿಸಿ ನೋಡಿದರೆ ಅವನು ಹೇಳಿದ್ದು ನಿಜ.

ನನಗೆ ಅರ್ಥವಾಗದೇ ಇರೋದು ಇಷ್ಟು. ‘ಚೈನಾಟೌನ್’ ಸಂಗೀತದಲ್ಲಿ ಆ ಕಾಲದ ಬ್ಯಾಂಡುಗಳನ್ನು ನೆನಪಿಸುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಕೇಳಿದ ಕೂಡಲೇ ಕಳೆದುಹೋದ ಕಾಲ ಅನ್ನಿಸುತ್ತದೆ. ನನ್ನದರಲ್ಲಿ ಎಲ್ಲವೂ ಆ ಕಾಲದ್ದೇ, ಹಾಗೆ ಅನ್ನಿಸೋದೇ ಇಲ್ಲ. ಯಾಕೆ?

ಕೈಲಿರುವ ಸಾಮಗ್ರಿ: ಸ್ಟ್ರಿಂಗ್ಸ್, ಹಾರ್ಪ್, ಪಿಯಾನೊ ಎಲ್ಲ ಸ್ಯಾಂಪಲ್, ಅಂದರೆ ಕಂಪ್ಯೂಟರಿನಲ್ಲಿರುವ ರೆಕಾರ್ಡ್ ಮಾಡಿದ ಸ್ವರಗಳು. ಟ್ರಂಪೆಟ್ ನುಡಿಸುವವರೊಬ್ಬರು ಮಾತ್ರ ಅರ್ಧ ದಿನ ಸ್ಟುಡಿಯೋಗೆ ಬರ್ತಾರೆ.

ತುತ್ತೂರಿ:

ನಿಮಗೆ ಟ್ರಂಪೆಟ್‌ನವರೊಬ್ಬರು ಸಿಕ್ಕಿದ್ದಾರಲ್ಲ, ಮುಕ್ಕಾಲು ಕೆಲಸ ಆಯ್ತು ಅಂದುಕೊಳ್ಳಿ. ನಾನು ಟ್ರಂಪೆಟ್‌ನವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ.

ಆ ಸಿನಿಮಾ ಬಂದದ್ದು 1974ರಲ್ಲಿ, ಕಥೆ 1937ರ ಲಾಸ್ ಏಂಜಲೀಸ್‌ದು. ಫಿಲಿಪ್ ಲ್ಯಾಂಬ್ರೊ ಬರೆದಿದ್ದ ಸಂಗೀತವನ್ನು ಬಿಟ್ಟು, ಕೊನೇ ಗಳಿಗೆಯಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ಅವರನ್ನು ಕರೆಸಿದರು. ಅವರು ಹತ್ತು ದಿನದಲ್ಲಿ ಮುಗಿಸಿಕೊಟ್ಟರು. ವಾದ್ಯಗಳ ಪಟ್ಟಿ ನೋಡಿ: ಒಂದು ಟ್ರಂಪೆಟ್, ನಾಲ್ಕು ಪಿಯಾನೊ, ನಾಲ್ಕು ಹಾರ್ಪ್, ಸ್ಟ್ರಿಂಗ್ಸ್, ತಾಳವಾದ್ಯಕ್ಕೆ ಇಬ್ಬರು. ಮುಗೀತು. ಸ್ಯಾಕ್ಸೊಫೋನ್ ಇಲ್ಲ, ಟ್ರಾಂಬೋನ್ ಇಲ್ಲ, ನಿಮ್ಮ ಕ್ಲಾರಿನೆಟ್ಟೂ ಇಲ್ಲ. 1937ರ ಡ್ಯಾನ್ಸ್ ಬ್ಯಾಂಡಿನವರಿಗೆ ಈ ಪಟ್ಟಿ ಕೊಟ್ಟಿದ್ದರೆ ನಕ್ಕುಬಿಡುತ್ತಿದ್ದರು.

ಹೆಡ್‌ಫೋನ್ ಹಾಕಿಕೊಂಡು ಟೈಟಲ್ ಸಂಗೀತದ ಶುರುವಿನ ಭಾಗವನ್ನು ಮಾತ್ರ ಕೇಳಿ. ಟ್ರಂಪೆಟ್ ಬರುವ ಮೊದಲು ಹಾರ್ಪ್ ತಂತಿಗಳ ಮೇಲೆ ಕೈ ಜಾರುತ್ತೆ. ಪಿಯಾನೊ ಕೂಡ ಮನೆ (ಕೀ) ಒತ್ತಿದ ಸದ್ದಲ್ಲ, ಒಳಗಿನ ತಂತಿಯನ್ನೇ ಗೀರಿದ ಸದ್ದು. ಸ್ಟ್ರಿಂಗ್ಸ್ ಮೇಲೆಲ್ಲೋ ತೆಳ್ಳಗೆ ನಿಂತಿರುತ್ತವೆ. ಇದು ಅಪ್ಪಟ ಇಪ್ಪತ್ತನೇ ಶತಮಾನದ ಹೊಸ ಸಂಗೀತ, ಜಾಝ್‌ಗೂ ಇದಕ್ಕೂ ನೆಂಟಸ್ತನವೇ ಇಲ್ಲ. ಆಮೇಲೆ ಅದರ ನಡುವೆ ಒಬ್ಬನೇ ಒಬ್ಬ ಟ್ರಂಪೆಟ್ ಎತ್ತುತ್ತಾನೆ.

ನುಡಿಸಿದವರು ಯೂಆನ್ ರೇಸಿ. ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಮೊದಲ ಟ್ರಂಪೆಟ್ ಆಗಿದ್ದವರು. ಅವರ ಸ್ವರ ಹಿಡಿಯುವ ರೀತಿ ಗಮನಿಸಿ. ನೇರವಾಗಿ ಸ್ವರದ ಮೇಲೆ ಇಳಿಯೋದಿಲ್ಲ, ಒಂದು ಕೂದಲೆಳೆಯಷ್ಟು ಕೆಳಗಿಂದ ಜಾರಿ ಬರ್ತಾರೆ. ನಮ್ಮ ಹಾಡುಗಾರರು ಜಾರು ಹಾಕಿದ ಹಾಗೆ ಅಂದುಕೊಳ್ಳಿ. ಉದ್ದದ ಸ್ವರವನ್ನು ಮೊದಲು ಸಪಾಟಾಗಿ ಹಿಡಿದು, ಬಿಡುವ ಮುಂಚೆ ಮಾತ್ರ ಕಂಪನ ಕೊಡ್ತಾರೆ. ಸ್ಟ್ರಿಂಗ್ಸ್ ಜೊತೆಗೆ ಬಂದು ಕಾಯ್ತಿದ್ದರೂ ಇವರಿಗೆ ಅವಸರ ಇಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಅಲ್ಲಿ ಹಳೇ ಕಾಲ ಇರೋದು ಒಬ್ಬನ ಉಸಿರಿನಲ್ಲಿ ಮಾತ್ರ. ಸುತ್ತ ಇರುವ ಆರ್ಕೆಸ್ಟ್ರಾ 1974ರದ್ದು. ಅವನು ಅಲ್ಲಿ, ನಾವು ಇಲ್ಲಿ, ಮಧ್ಯದ ಅಂತರ ಕಿವಿಗೆ ಬೀಳುತ್ತೆ. ನಿಮ್ಮ ಟ್ಯೂನಿನಲ್ಲಿ ಎಲ್ಲರೂ 1937ರಲ್ಲೇ ಆರಾಮಾಗಿ ಕೂತಿದ್ದಾರೆ. ಅವರಿಗೆ ಅದು ಹಳೇ ಕಾಲ ಅಲ್ಲ, ಇವತ್ತಿನ ಸಂಜೆ. ಅದಕ್ಕೇ ಲಾಬಿ.

ರೀಲುಗಾರ:

ಮೇಲಿನವರು ಹೇಳಿದ್ದು ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಒಂಟಿ ಟ್ರಂಪೆಟ್ ಅಂದರೆ ಪತ್ತೇದಾರ, ಮಳೆ, ನಿಯಾನ್ ದೀಪ ಅಂತ ನಮ್ಮ ಕಿವಿಗೆ ಕಲಿಸಿದವರು ಯಾರು? 1940ರ ದಶಕದ ಪತ್ತೇದಾರಿ ಸಿನಿಮಾಗಳಂತೂ ಅಲ್ಲ. 1944ರ ‘ಡಬಲ್ ಇಂಡೆಮ್ನಿಟಿ’ಗೆ ಮಿಕ್ಲೋಷ್ ರೋಜಾ ಬರೆದದ್ದು ಭಾರವಾದ ಸಿಂಫನಿ ಸಂಗೀತ. 1946ರ ‘ದ ಬಿಗ್ ಸ್ಲೀಪ್’ಗೆ ಮ್ಯಾಕ್ಸ್ ಸ್ಟೈನರ್ ಕೊಟ್ಟದ್ದೂ ಅದೇ ಜಾತಿಯದ್ದು. ಆ ಸಿನಿಮಾಗಳಲ್ಲಿ ಜಾಝ್ ಬೇಕಾದರೆ ನೈಟ್‌ಕ್ಲಬ್ಬಿನ ಬಾಗಿಲು ತೆಗೆಯಬೇಕಿತ್ತು.

ಜಾಝ್ ಹಿನ್ನೆಲೆಗೆ ಬಂದದ್ದು ಆಮೇಲೆ. 1951ರಲ್ಲಿ ಅಲೆಕ್ಸ್ ನಾರ್ತ್ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ಗೆ ಬರೆದಾಗ, ಮೆಟ್ಟಿಲ ದೃಶ್ಯದ ಸಂಗೀತ ತೀರಾ ಕಾಮುಕವಾಗಿದೆ ಅಂತ ಕ್ಯಾಥೊಲಿಕ್ ಸಂಸ್ಥೆ ‘ಲೀಜನ್ ಆಫ್ ಡೀಸೆನ್ಸಿ’ ಗಲಾಟೆ ಮಾಡಿ ಬದಲಾಯಿಸುವಂತೆ ಮಾಡಿತು. ಬರೀ ವಾದ್ಯಸಂಗೀತಕ್ಕೆ ಕತ್ತರಿ, ಯೋಚನೆ ಮಾಡಿ! 1957ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಸಿನಿಮಾದ ದೃಶ್ಯಗಳನ್ನು ನೋಡುತ್ತಾ ನುಡಿಸಿದರು. 1958ರಲ್ಲಿ ಟಿವಿಯಲ್ಲಿ ಹೆನ್ರಿ ಮ್ಯಾನ್ಸಿನಿ ಸಂಗೀತದ ಪತ್ತೇದಾರಿ ಧಾರಾವಾಹಿ ‘ಪೀಟರ್ ಗನ್’ ಬಂತು. ಆಮೇಲೆ ಪತ್ತೇದಾರನಿಗೂ ಜಾಝ್‌ಗೂ ಮದುವೆ ಆಗೇ ಹೋಯ್ತು.

ಅಂದರೆ ‘ಹಳೇ ಕಾಲದ ಸದ್ದು’ ಅಂತ ನಾವು ಅಂದುಕೊಂಡಿರೋದು 1950ರ ದಶಕದ್ದು, 30ರದ್ದಲ್ಲ. ಗೋಲ್ಡ್‌ಸ್ಮಿತ್‌ಗೆ ಇದು ಗೊತ್ತಿತ್ತು ಅನ್ನೋದು ನನ್ನ ಊಹೆ. ಪ್ರೇಕ್ಷಕರ ನೆನಪಿಗೆ ಬರೆದರು, ಇತಿಹಾಸಕ್ಕಲ್ಲ.

ಇನ್ನೊಂದು. ಟ್ರಂಪೆಟ್ ಒಂದೇ ದಾರಿ ಅಲ್ಲ. 2002ರ ‘ಕ್ಯಾಚ್ ಮಿ ಇಫ್ ಯು ಕ್ಯಾನ್’ನಲ್ಲಿ ಜಾನ್ ವಿಲಿಯಮ್ಸ್ ಆಲ್ಟೊ ಸ್ಯಾಕ್ಸ್, ವೈಬ್ರಫೋನ್ ಇಟ್ಟುಕೊಂಡು 1960ರ ದಶಕ ಕಟ್ಟಿದ್ದಾರೆ. ಅದು ಓಡುವ, ಕಣ್ಣು ಹೊಡೆಯುವ ಸಂಗೀತ. ಅಂದಹಾಗೆ ‘ಪೀಟರ್ ಗನ್’ ಥೀಮಿನ ಪಿಯಾನೊ ನುಡಿಸಿದ್ದು ಇದೇ ವಿಲಿಯಮ್ಸ್.

ತುತ್ತೂರಿ:

ರೀಲುಗಾರರೇ, ಒಪ್ಪಿದೆ. ಆದರೆ ಟ್ರಂಪೆಟ್‌ಗೆ 1937ರ ಬೇರೂ ಇದೆ. ಬನ್ನಿ ಬೆರಿಗನ್ ಅವರ ‘ಐ ಕಾಂಟ್ ಗೆಟ್ ಸ್ಟಾರ್ಟೆಡ್’ ರೆಕಾರ್ಡು ಅದೇ ವರ್ಷದ್ದು, ‘ಚೈನಾಟೌನ್’ ಒಳಗೂ ಬರುತ್ತೆ. ಅದರಲ್ಲೂ ಟ್ರಂಪೆಟ್ಟೇ ನಾಯಕ. ಕಥೆಯೊಳಗಿನ ಜನ ಬೆರಿಗನ್ ಕೇಳ್ತಾರೆ, ಹೊರಗೆ ಕೂತ ನಾವು ರೇಸಿ ಕೇಳ್ತೀವಿ. ಒಂದು ಇನ್ನೊಂದರ ನೆರಳು ಅನ್ನಿಸುತ್ತೆ ನನಗೆ.

ಕರಿಮನೆ:

ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ ನನ್ನ ಸ್ವಿಂಗ್ ಟ್ಯೂನ್ ಎಸೆಯೋದೇನಾ? ಮತ್ತೆ ಆ ಅರ್ಧ ದಿನದಲ್ಲಿ ಏನು ಮಾಡಿಸಲಿ? ಕ್ಲಿಕ್ ಟ್ರ್ಯಾಕ್ (ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಹೇಳೋದು) ಮೇಲೆ ಸ್ಟ್ರಿಂಗ್ಸ್ ಎಲ್ಲ ರೆಡಿ ಇಟ್ಟುಕೊಂಡು, ಅವರು ಬಂದಾಗ ಮೇಲೆ ನುಡಿಸಿಬಿಟ್ಟರೆ ಆಗುತ್ತಲ್ವಾ?

ರೀಲುಗಾರ:

ಎಸೀಬೇಡಿ. ದೃಶ್ಯದಲ್ಲಿ ರೇಡಿಯೋ ಎಲ್ಲಾದರೂ ಇದ್ದರೆ ಅದರೊಳಗೆ ಹಾಕಿ. ಸ್ಟೀರಿಯೊ ತೆಗೆದು ಮೋನೊ ಮಾಡಿ, ಕೆಳಗಿನ ಗುಡುಗು, ಮೇಲಿನ ಹೊಳಪು ಎರಡನ್ನೂ ಕತ್ತರಿಸಿ. ಕರಕರ ಸದ್ದಿನ ಪ್ಲಗಿನ್ ಮಾತ್ರ ಹಾಕಬೇಡಿ, ದಯವಿಟ್ಟು. ಆ ಕಾಲದವರು ರೇಡಿಯೋ ಹಚ್ಚಿದಾಗ ಅವರಿಗೆ ಅದು ಹೊಸಾ ಹಾಡು.

ತುತ್ತೂರಿ:

ಕ್ಲಿಕ್ ಬೇಡವೇ ಬೇಡ. ಕ್ಲಿಕ್ ಕಿವಿಯಲ್ಲಿದ್ದರೆ ಯಾವ ಟ್ರಂಪೆಟ್‌ನವನೂ ತಡವಾಗಿ ಬರೋ ಧೈರ್ಯ ಮಾಡೋದಿಲ್ಲ. ನೀವೇ ಕೂತು ಪಿಯಾನೊದಲ್ಲಿ ಸ್ವರಮೇಳ ಹಿಡೀರಿ, ಅವರ ಮುಖ ನೋಡ್ತಾ. ಮೊದಲು ಟ್ರಂಪೆಟ್ ರೆಕಾರ್ಡ್ ಆಗಲಿ. ಆಮೇಲೆ ನಿಮ್ಮ ಪಿಯಾನೊ ತೆಗೆದು, ಅವರು ಎಲ್ಲಿ ಉಸಿರು ತಗೊಂಡಿದ್ದಾರೋ ಅದನ್ನು ನೋಡಿ ಸ್ಟ್ರಿಂಗ್ಸ್ ಜೋಡಿಸಿ. ಸ್ಯಾಂಪಲ್ ಕಾಯುತ್ತೆ, ಅದಕ್ಕೇನು ಊಟದ ಹೊತ್ತೇ? ಸ್ಟ್ರಿಂಗ್ಸ್‌ಗೆ ಜಾಝ್ ಜಾಸ್ತಿ ಬರೀಬೇಡಿ. ಜಾರು, ಬಾಗು ಎಲ್ಲ ಟ್ರಂಪೆಟ್‌ಗೆ ಬಿಟ್ಟು, ಅವು ನೆಟ್ಟಗೆ ನಿಂತಿರಲಿ. ಇಪ್ಪತ್ತು ನಿಮಿಷಕ್ಕೆ ಐದಾರು ನಿಮಿಷದ ಸಂಗೀತ ಧಾರಾಳ ಸಾಕು. ‘ಚೈನಾಟೌನ್’ ಎರಡು ಗಂಟೆಗೂ ಮೀರಿದ ಸಿನಿಮಾ, ಅದರಲ್ಲಿ ಗೋಲ್ಡ್‌ಸ್ಮಿತ್ ಸಂಗೀತ ಅರ್ಧ ಗಂಟೆಯೂ ಇಲ್ಲ.

ಕರಿಮನೆ:

ಮ್ಯೂಟ್ ತರೋಕೆ ಹೇಳ್ಲಾ?

ತುತ್ತೂರಿ:

ಕಪ್ ಮ್ಯೂಟ್ ಒಂದು ಇರಲಿ. ಟ್ರಂಪೆಟ್ ಬಾಯಿಗೆ ಸಿಕ್ಕಿಸಿದರೆ ಸದ್ದು ಮೆತ್ತಗಾಗುತ್ತೆ, ಮಾತಿನ ಕೆಳಗೆ ನುಡಿಸಬೇಕಾದರೆ ಬೇಕಾಗುತ್ತೆ. ಮೈಲ್ಸ್ ಅವರ ಗುರುತೇ ಆಗಿರುವ ಹಾರ್ಮನ್ ಮ್ಯೂಟ್ ತಂದರೆ ಪೆಟ್ಟಿಗೆಯಲ್ಲೇ ಇಡೋಕೆ ಹೇಳಿ. ಅದನ್ನು ಸಿಕ್ಕಿಸಿದ ತಕ್ಷಣ ನಿಮ್ಮ ಪತ್ತೇದಾರನ ಪಕ್ಕ ಮೈಲ್ಸ್ ಡೇವಿಸ್ ಬಂದು ಕೂತುಬಿಡ್ತಾರೆ.