ಟ ಮತ್ತು ಳ ಹುಟ್ಟುವ ಜಾಗ ಒಂದೇ ಅಲ್ವಾ? ಮತ್ತೆ ಳ ಯಾಕೆ ಕೊನೆಯಲ್ಲಿ?

ಪ್ರಶ್ನೆ: ಎಂಎ ವಿದ್ಯಾರ್ಥಿನಿ
ಭಾಷಾವಿಜ್ಞಾನ ಓದುತ್ತಿದ್ದೇನೆ. ವ್ಯಂಜನ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ, ಉಸಿರಿಗೆ ಹೇಗೆ ತಡೆ ಬೀಳುತ್ತದೆ, ಗಂಟಲು ನಡುಗುತ್ತದೋ ಇಲ್ಲವೋ, ಇಷ್ಟು ನೋಡಿ ವಿಂಗಡಿಸಬೇಕು ಅಂತ ಪಾಠದಲ್ಲಿದೆ. ನಮ್ಮ ಕ ಚ ಟ ತ ಪ ಸಾಲುಗಳು ಜಾಗದ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಆದರೆ ಳ ಹೇಳುವಾಗಲೂ ನಾಲಿಗೆ ಟ ಥರವೇ ಹಿಂದಕ್ಕೆ ಮಡಚುತ್ತದೆ. ಅದು ಟ ಸಾಲಿನಲ್ಲಿ ಯಾಕಿಲ್ಲ?

ಉತ್ತರ: ಹಳೇ ಮೇಷ್ಟ್ರು
ಜಾಗ ಒಂದೇ, ಉಸಿರಿನ ದಾರಿ ಬೇರೆ. 'ಅಟ್' ಅಂದು ನಾಲಿಗೆಯನ್ನು ಹಾಗೇ ಹಿಡಿಯಿರಿ. ಉಸಿರು ಪೂರ್ತಿ ಕಟ್ಟಿಕೊಳ್ಳುತ್ತದೆ. ಈಗ 'ಅಳ್' ಅಂದು, ನಾಲಿಗೆ ಅಲ್ಲಾಡಿಸದೆ ಬಾಯಿಂದ ಉಸಿರು ಒಳಗೆ ಎಳೆಯಿರಿ. ನಾಲಿಗೆಯ ಅಂಚು ತಣ್ಣಗಾಗುತ್ತದೆ. ಗಾಳಿ ಪಕ್ಕದಿಂದ ನುಸುಳುತ್ತಿದೆ ಅಂತ ಅರ್ಥ. ಅದಕ್ಕೇ ಟ ಸ್ಪರ್ಶ, ಳ ಪಾರ್ಶ್ವಿಕ.

ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿಸುವ ವರ್ಗೀಯ, ಅವರ್ಗೀಯದಲ್ಲಿ ಇರುವುದು ಇದೇ ಭೇದ. 25 ವರ್ಗೀಯಗಳಲ್ಲಿ ಬಾಯಿಯ ದಾರಿ ಪೂರ್ತಿ ಮುಚ್ಚುತ್ತದೆ. ಉಳಿದ 9ರಲ್ಲಿ ಹಾಗೆ ಕಟ್ಟಿಕೊಳ್ಳುವುದಿಲ್ಲ. ಅಲ್ಲೂ ಕ್ರಮ ತಪ್ಪಿಲ್ಲ ನೋಡಿ: ಶ ಷ ಸ ಅಂದರೆ ಚ ಟ ತ ಜಾಗಗಳೇ, ಅದೇ ಸರದಿಯಲ್ಲಿ. ಈಗ ಜಾಸ್ತಿ ಜನರ ಬಾಯಲ್ಲಿ ಶ, ಷ ಒಂದೇ ಆಗಿವೆ, ಆ ಮಾತು ಬೇರೆ. ಬರೀ ಕಿವಿ, ನಾಲಿಗೆ ನಂಬಿ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರಲ್ಲ, ನನಗೆ ಇವತ್ತಿಗೂ ಸೋಜಿಗ.

ಸಂಸ್ಕೃತದ ಪಟ್ಟಿ ಹ ಬಂದರೆ ಮುಗಿಯಿತು. ಕನ್ನಡಕ್ಕೆ ಳ ಇಲ್ಲದೆ ಆಗುವುದಿಲ್ಲ, ಗಾಲಿ ಬೇರೆ, ಗಾಳಿ ಬೇರೆ. ಹಾಗಾಗಿ ಅದು ಹ ಆದಮೇಲೆ ಕೂತಿದೆ. ಹಳಗನ್ನಡದಲ್ಲಿದ್ದ ಱ, ೞ ಈಗ ಬಳಕೆಯಲ್ಲಿಲ್ಲ.

ಎಂಎ ವಿದ್ಯಾರ್ಥಿನಿ
ಮಾಡಿ ನೋಡಿದೆ, ನಿಜವಾಗಿಯೂ ತಣ್ಣಗಾಯಿತು! ಆದರೆ ಮ, ನ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಉಸಿರು ಕಟ್ಟುವುದೇ ಇಲ್ಲ. ಅವು ವರ್ಗದೊಳಗೆ ಹೇಗೆ ಬಂದವು?

ಹಳೇ ಮೇಷ್ಟ್ರು
ಒಳ್ಳೆ ಪ್ರಶ್ನೆ. ಬಾಯಿ ಮುಚ್ಚಿರುತ್ತದೆ, ಮೂಗು ತೆರೆದಿರುತ್ತದೆ. ಮೂಗು ಗಟ್ಟಿಯಾಗಿ ಹಿಡಿದು 'ಅಮ್ಮ' ಅನ್ನಿ. 'ಅಬ್ಬ' ಅಂದ ಹಾಗೆ ಕೇಳುತ್ತದೆ. ಬ ಮತ್ತು ಮ ನಡುವೆ ಇರುವ ವ್ಯತ್ಯಾಸ ಅಷ್ಟೇ, ಅದಕ್ಕೇ ಎರಡೂ ಒಂದೇ ಸಾಲು.

ಸ್ಪೀಚ್ ಥೆರಪಿಸ್ಟ್
ಮೇಷ್ಟ್ರ ಮಾತಿಗೆ ಎರಡು ಸೇರಿಸುತ್ತೇನೆ. ಗಂಟಲ ಮೇಲೆ ಬೆರಳಿಟ್ಟು 'ಅಕ', 'ಅಗ' ಹೇಳಿ. 'ಅಕ'ದಲ್ಲಿ ನಡುಕ ಮಧ್ಯೆ ಒಂದು ಕ್ಷಣ ನಿಲ್ಲುತ್ತದೆ, 'ಅಗ'ದಲ್ಲಿ ಮುಂದುವರಿಯುತ್ತದೆ. ಅಘೋಷ, ಘೋಷ ಅಂದರೆ ಇದೇ. ಇನ್ನೊಂದು, ಚ ಮತ್ತು ಜವನ್ನು ಐಪಿಎ (ಎಲ್ಲ ಭಾಷೆಗಳ ಧ್ವನಿಗಳನ್ನು ಬರೆಯುವ ಅಂತರರಾಷ್ಟ್ರೀಯ ಚಿಹ್ನೆಗಳು) ಚಾರ್ಟಿನಲ್ಲಿ ಪ, ಟ ಇರುವ ಸಾಲಿನಲ್ಲಿ ಹುಡುಕಬೇಡಿ. ಅವು ತಡೆದು, ಆಮೇಲೆ ಉಜ್ಜಿಕೊಂಡು ಹೊರಬರುವ ಧ್ವನಿಗಳು. ಐಪಿಎಯಲ್ಲಿ ಎರಡು ಚಿಹ್ನೆ ಕೂಡಿಸಿ ಬರೆಯುತ್ತಾರೆ. ಪರೀಕ್ಷೆಯಲ್ಲಿ ಅವನ್ನು ಬರೀ ಸ್ಪರ್ಶ ಅಂತ ಬರೆಯದೆ ಅನುಘರ್ಷ ಅಂತ ಬರೆಯಿರಿ.